ಬಚ್ಚಲ ಬಾಗಿಲಿನಿಂದ ಶುರು ಮಾಡಿ

(ಎಳ್ಳಮಾವಾಸ್ಯೆ ಜಾತ್ರೆಗೆ ಮುಂಚೆ ತೀರ್ಥಹಳ್ಳಿ ಹತ್ತಿರದ ಒಂದು ಊರಿನಲ್ಲಿ ಅಡಿಕೆ ಬೆಳೆಗಾರರು ಸೇರಿದ್ದಾಗ ಮರಗೆಲಸದವರೊಬ್ಬರು ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದುಕೊಂಡದ್ದು.)

ಕಳ್ಳತನದ ಬಗ್ಗೆ ಮಾತಾಡುವುದಕ್ಕೆ ಪೊಲೀಸರನ್ನು ಕರೆಯುವುದು ರೂಢಿ. ಈ ಸಲ ಮರಗೆಲಸದವನನ್ನು ಕರೆದಿದ್ದೀರಿ. ಅದಕ್ಕೂ ಒಂದು ಕಾರಣ ಇದೆ ಅನ್ನಿ. ಕಳ್ಳತನ ಆದ ಮನೆಗೆ ಮೊದಲು ಅಕ್ಕಪಕ್ಕದವರು ಬರುತ್ತಾರೆ. ಆಮೇಲೆ ಪೊಲೀಸರು, ಅವರ ನಾಯಿ, ಬೆರಳಚ್ಚಿನವರು. ಎಲ್ಲರೂ ಹೋದ ಮೇಲೆ ಆ ರಾತ್ರಿ ಮಲಗುವುದಕ್ಕೆ ಒಂದು ಬಾಗಿಲು ಬೇಕಲ್ಲ? ಆಗ ನನಗೆ ಫೋನ್ ಬರುತ್ತದೆ. ಕಳ್ಳರನ್ನು ನಾನು ಕಂಡಿಲ್ಲ. ಅವರು ಒಡೆದ ಬಾಗಿಲುಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಆ ಬಾಗಿಲುಗಳಲ್ಲಿ ಬೀಗ ಬಹುತೇಕ ಸರಿಯಾಗಿಯೇ ಇರುತ್ತದೆ. ಒಳ್ಳೆ ಕಂಪನಿಯ ದಪ್ಪ ಬೀಗ, ಏಳು ಲಿವರಿನದ್ದು. ಅಲ್ಡ್ರಾಪಿಗೆ, ಅಂದರೆ ಬೀಗ ಹಾಕುವ ಅಡ್ಡ ಚಿಲಕಕ್ಕೆ, ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಆದರೆ ಅಲ್ಡ್ರಾಪ್ ಬಾಗಿಲಿನಲ್ಲಿ ಇರುವುದಿಲ್ಲ, ಬೀಗದ ಸಮೇತ ಹೊಸಿಲ ಹತ್ತಿರ ಬಿದ್ದಿರುತ್ತದೆ. ಒಂದು ಮನೆಯಲ್ಲಿ ಯಜಮಾನರು ಅದನ್ನು ಎತ್ತಿ ತೋರಿಸಿ, "ನೋಡಿ ಆಚಾರ್ರೇ, ಬೀಗಕ್ಕೆ ಒಂದು ಗೀರೂ ಆಗಿಲ್ಲ" ಅಂದರು. ಬೀಗದ ಕಂಪನಿಯವರಿಗೆ ಖುಷಿ ಆಗಬಹುದು, ಯಜಮಾನರಿಗೇನು ಉಪಯೋಗ?

ಅಲ್ಡ್ರಾಪ್ ತಂದಾಗ ಅದರ ಜೊತೆ ಸಣ್ಣ ಸ್ಕ್ರೂ ಬರುತ್ತದೆ, ಮುಕ್ಕಾಲು ಇಂಚಿನದ್ದು. ಹೊಸ ಮರದಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಡೆ ಮರ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ನಾಲ್ಕು ವರ್ಷ ಹೀಗೆ ಆದ ಮೇಲೆ ಸ್ಕ್ರೂ ತೂತು ಸಡಿಲವಾಗುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಪಟ್ಟಿಯ ಹಿಂದೆ ಹಾರೆ ತೂರಿಸಿ ಮೀಟಿದರೆ ಎಲ್ಲ ಒಟ್ಟಿಗೆ ಕಿತ್ತು ಬರುತ್ತದೆ. ಇದಕ್ಕೆ ಪರಿಹಾರ ಅಗ್ಗ. ಸ್ಕ್ರೂ ತೆಗೆದು, ಬಾಗಿಲಿನ ಆಚೆಯಿಂದ ಈಚೆಗೆ ತೂತು ಹೊಡೆದು, ಬೋಲ್ಟ್ ಹಾಕಿ. ಬೋಲ್ಟಿನ ಗುಂಡು ತಲೆ ಹೊರಗಿರಲಿ. ಅಗಲದ ವಾಶರ್ ಮತ್ತು ನಟ್ ಒಳಗಿರಲಿ. ಹೊರಗೆ ನಿಂತವನಿಗೆ ಸ್ಪ್ಯಾನರ್ ಹಾಕುವುದಕ್ಕೆ ಏನೂ ಸಿಗಬಾರದು. ಮುಂಬಾಗಿಲಿಗಾದರೆ ಒಳಗೇ ಕೂರುವ ಇಂಟರ್‌ಲಾಕ್ ಇನ್ನೂ ಒಳ್ಳೆಯದು. ನೇತಾಡುವ ಬೀಗ ಗೇಟಿನಿಂದಲೇ ಕಾಣುತ್ತದೆ, "ಮನೆಯಲ್ಲಿ ಯಾರೂ ಇಲ್ಲ" ಅಂತ ಬೋರ್ಡ್ ಹಾಕಿದ ಹಾಗೆ. ಇಂಟರ್‌ಲಾಕ್ ಹಾಕಿದ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ದೂರದಿಂದ ತಿಳಿಯುವುದಿಲ್ಲ.

ಆದರೆ ನಾನು ಮುಂಬಾಗಿಲಿನ ವಿಷಯ ಮಾತಾಡುವುದಕ್ಕೆ ಬಂದಿಲ್ಲ. ಮುಂಬಾಗಿಲು ಎಲ್ಲರ ಮನೆಯಲ್ಲೂ ಚೆನ್ನಾಗಿಯೇ ಇರುತ್ತದೆ. ಹಲಸಿನದ್ದೋ ತೇಗದ್ದೋ, ಕೆತ್ತನೆ ಬೇರೆ. ಮನೆ ಕಟ್ಟುವಾಗ ಅದಕ್ಕೆ ಹಣ ಎಷ್ಟಾದರೂ ಆಗಲಿ ಅನ್ನುತ್ತೀರಿ. ಹಿಂದಿನ ಬಾಗಿಲಿಗೆ ಬಂದಾಗ, "ಉಳಿದ ಹಲಗೆಯಲ್ಲಿ ಏನಾದರೂ ಮಾಡಿ ಆಚಾರ್ರೇ" ಅನ್ನುತ್ತೀರಿ. ಹೌದೋ ಅಲ್ವೋ?

ಮಲೆನಾಡಿನ ಮನೆಯಲ್ಲಿ ತೀರಾ ದುರ್ಬಲ ಬಾಗಿಲು ಅಂದರೆ ಬಚ್ಚಲಿನದ್ದು. ದಿನಾ ಹಂಡೆ ಒಲೆಯ ಹಬೆ, ಹೊಗೆ, ಕೆಳಗಿನಿಂದ ನೀರು. ಮೇಲಿಂದ ನೋಡಿದರೆ ಹೊಗೆ ಕುಡಿದು ಕಪ್ಪಾಗಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಕೆಳಗಿನ ಒಂದು ಗೇಣು ಮಾತ್ರ ನೆನೆದು ನೆನೆದು ಕೊಳೆತು ಕುಂಬಾಗಿರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಬಚ್ಚಲ ಬಾಗಿಲಿನ ಬುಡಕ್ಕೆ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಒಳಗೆ ಹೋದರೆ ಆ ಬಾಗಿಲು ಒಂದು ಒದೆತಕ್ಕೆ ಬೀಳುತ್ತದೆ. ಹಾಗೇ ದಾರಂದಕ್ಕೂ, ಅಂದರೆ ಬಾಗಿಲಿನ ಚೌಕಟ್ಟಿಗೂ, ಚುಚ್ಚಿ. ಬಾಗಿಲು ಹೊಸದು ಹಾಕಿಸಿ ದಾರಂದ ಹಳೆಯದೇ ಬಿಟ್ಟ ಮನೆಗಳಿವೆ. ಒಳಗೆ ಗೆದ್ದಲು ತಿಂದು ಬರೀ ಪೇಂಟಿನ ಸಿಪ್ಪೆ ನಿಂತಿರುತ್ತದೆ. ಚಿಲಕದ ತುದಿ ಕೂರುವುದು ಆ ಸಿಪ್ಪೆಯೊಳಗೆ.

ಬಚ್ಚಲ ಬಾಗಿಲು ತೆರೆಯುವುದು ಹಿತ್ತಿಲಿಗೆ, ಹಿತ್ತಿಲಿನ ಆಚೆ ತೋಟ, ಆಮೇಲೆ ಹಾಡ್ಯ, ಅಂದರೆ ಕುರುಚಲು ಕಾಡು. ಅಲ್ಲಿ ನಿಂತು ಒಬ್ಬ ಅರ್ಧ ಗಂಟೆ ಬಾಗಿಲು ಮೀಟಿದರೂ ರಸ್ತೆಯಿಂದ ಕಾಣುವುದಿಲ್ಲ. ಪೇಟೆಯ ಕಳ್ಳನಿಗೆ ಇಂಥ ಸೌಕರ್ಯ ಇಲ್ಲ. ಶಿವಮೊಗ್ಗದ ಬಡಾವಣೆಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಮನೆ, ಎದುರುಮನೆಯವರು ಕಿಟಕಿ ತೆಗೆದರೆ ಸಾಕು, ಅವನು ಓಡಬೇಕು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೂ ಕೇಳದಷ್ಟು ದೂರ. ಅದರ ಮೇಲೆ ಆಷಾಢದ ಮಳೆ. ತಗಡಿನ ಮೇಲೆ ಮಳೆ ಹೊಡೆಯುವಾಗ ಒಳಗೆ ಮಲಗಿದವರಿಗೇ ಏನೂ ಕೇಳಿಸುವುದಿಲ್ಲ, ಇನ್ನು ನೆರೆಮನೆಗೆ ಎಲ್ಲಿ? ಇಲ್ಲಿಯ ಕಳ್ಳನಿಗೆ ಟೈಮ್ ಜಾಸ್ತಿ ಇದೆ. ಆ ಟೈಮನ್ನು ಕಡಿಮೆ ಮಾಡುವುದೇ ನಮ್ಮ ಕೆಲಸ. ಯಾವ ಬಾಗಿಲೂ ಶಾಶ್ವತವಾಗಿ ತಡೆಯುವುದಿಲ್ಲ. ಎರಡು ನಿಮಿಷದಲ್ಲಿ ಆಗುವ ಕೆಲಸ ಇಪ್ಪತ್ತು ನಿಮಿಷ ಹಿಡಿದು, ಸದ್ದೂ ಆದರೆ, ಅವನೇ ಬಿಟ್ಟು ಹೋಗುತ್ತಾನೆ. ಅಂಥ ಬಾಗಿಲುಗಳನ್ನೂ ನೋಡಿದ್ದೇನೆ. ಹಾರೆಯ ಗಾಯ ಮೂರು ಕಡೆ ಇರುತ್ತದೆ, ಬಾಗಿಲು ಮಾತ್ರ ನಿಂತೇ ಇರುತ್ತದೆ.

ಅಂಥ ಬಾಗಿಲಿನ ಹಿಂದೆ ಏನಿರುತ್ತದೆ ಗೊತ್ತಾ? ಹೆಚ್ಚಾಗಿ ಅಗುಳಿ. ಹಳೆ ಮನೆಗಳಲ್ಲಿ ಬಾಗಿಲಿನ ಹಿಂದೆ ಗೋಡೆಯಿಂದ ಗೋಡೆಗೆ ಒಂದು ಅಡ್ಡ ಮರ ತೂರಿಸುತ್ತಿದ್ದರಲ್ಲ, ಅದು. ಹೊಸ ಮನೆ ಕಟ್ಟುವಾಗ "ಅದೆಲ್ಲ ಯಾಕೆ, ಹಳ್ಳಿ ಥರ ಕಾಣುತ್ತೆ" ಅಂತ ಬಿಟ್ಟೆವು. ಅದರ ಜಾಗಕ್ಕೆ ಬೆರಳು ದಪ್ಪದ ಟವರ್ ಬೋಲ್ಟ್ ಬಂತು. ಟವರ್ ಬೋಲ್ಟ್ ನಿಲ್ಲುವುದು ನಾಲ್ಕು ಸ್ಕ್ರೂ ಮೇಲೆ, ಅಗುಳಿ ನಿಲ್ಲುವುದು ಗೋಡೆಯ ಮೇಲೆ. ವ್ಯತ್ಯಾಸ ನೀವೇ ಲೆಕ್ಕ ಹಾಕಿ.

ಈಗ ಒಂದು ವಿಷಯ ಯೋಚನೆ ಮಾಡಿ. ಮನೆಗೆ ನಾಲ್ಕೈದು ಬಾಗಿಲು ಇರುತ್ತದೆ. ಮನೆ ಬಿಟ್ಟು ಹೊರಡುವಾಗ ನೀವು ಹೊರಗೆ ಬರುವುದು ಒಂದೇ ಬಾಗಿಲಿನಿಂದ. ಉಳಿದ ಎಲ್ಲ ಬಾಗಿಲನ್ನೂ ಒಳಗಿನಿಂದಲೇ ಭದ್ರ ಮಾಡಬಹುದು. ಅಂದರೆ ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಕಡೆಯ ಬಾಗಿಲಿಗೆ ಬೀಗವೇ ಬೇಡ, ಅಗುಳಿ ಸಾಕು. ಗೋಡೆ ಒಡೆದು ಮರದ ಅಗುಳಿ ಕೂರಿಸುವುದು ಕಷ್ಟ ಅಂದರೆ ಎರಡೂ ಕಡೆ ಕಬ್ಬಿಣದ ಕೊಕ್ಕೆ ಗೋಡೆಗೆ ಕೂರಿಸಿ, ಅಡ್ಡ ಕಬ್ಬಿಣದ ಪಟ್ಟಿ ಹಾಕಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಚೀರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆ ಆದರೆ ಸಣ್ಣ ಮೊಳೆ ನಿಲ್ಲುವುದಿಲ್ಲ, ಉದ್ದದ ಕೊಕ್ಕೆ ಸಿಮೆಂಟ್ ಹಾಕಿ ಕೂರಿಸಬೇಕು. ಸಿಮೆಂಟ್ ಒಣಗುವ ತನಕ ಕಾಯಿರಿ ಅಂದರೆ ಯಾರೂ ಕಾಯುವುದಿಲ್ಲ, ಅದು ಬೇರೆ ಮಾತು. ಇಷ್ಟು ಮಾಡಿದ ಮೇಲೂ ವಯಸ್ಸಾದವರಿಗೆ ರಾತ್ರಿ ತೆಗೆಯುವುದಕ್ಕೆ ಆಗುವಷ್ಟು ಹಗುರ ಇರಬೇಕು, ನೆನಪಿರಲಿ. ಬೆಂಕಿ ಬಿದ್ದರೆ ಓಡಬೇಕಲ್ಲ.

ಇನ್ನು ಹಾರೆ. ಆಗಿನಿಂದ ಹಾರೆ ಹಾರೆ ಅನ್ನುತ್ತಿದ್ದೇನೆ. ಆ ಹಾರೆ ಯಾರದ್ದು ಅಂದುಕೊಂಡಿರಿ? ಬಹಳ ಸಲ ಮನೆಯವರದ್ದೇ. ಕೊಟ್ಟಿಗೆಯ ಮೂಲೆಯಲ್ಲಿ ಹಾರೆ, ಪಿಕಾಸಿ, ಗುದ್ದಲಿ. ಮಾಡಿನ ಕೆಳಗೆ ಏಣಿ. ಗೋಡೆಯ ಕೊಕ್ಕೆಯಲ್ಲಿ ಕತ್ತಿ. ಕಳ್ಳ ಹಾರೆ ಹೊತ್ತುಕೊಂಡು ಬಸ್ಸಿನಲ್ಲಿ ಬರುವುದಕ್ಕಾಗುತ್ತದೆಯೇ? ಕೈ ಬೀಸಿಕೊಂಡು ಬರುತ್ತಾನೆ, ಉಪಕರಣ ನಾವು ಕೊಡುತ್ತೇವೆ. ದೀಪಾವಳಿ ಹೊತ್ತಿನಲ್ಲಿ ಊರ ಹುಡುಗರು ಕದಿಯುವ ಪದ್ಧತಿ ಕೆಲವು ಕಡೆ ಇತ್ತಲ್ಲ, ತೆಂಗಿನಕಾಯಿ, ಸೌತೆಕಾಯಿ, ಅಂಗಳದಲ್ಲಿ ಸಿಕ್ಕಿದ್ದು. ಬೆಳಿಗ್ಗೆ ಎದ್ದು ಬೈಯುವ ಅಜ್ಜಂದಿರು, ನಗುವ ಹುಡುಗರು. ಒಳ್ಳೆ ತಮಾಷೆ ಅದು. ಆ ಹುಡುಗರನ್ನು ಕೇಳಿ, ಯಾರ ಮನೆಯ ಅಂಗಳದಲ್ಲಿ ರಾತ್ರಿ ಏನು ಬಿದ್ದಿರುತ್ತದೆ ಅಂತ ಬಾಯಿಪಾಠ ಹೇಳುತ್ತಾರೆ. ಹಾರೆ, ಪಿಕಾಸಿ ಒಳಗಿಡಿ. ಏಣಿ ಒಳಗಿಡುವುದಕ್ಕೆ ಜಾಗ ಇಲ್ಲದಿದ್ದರೆ ಸರಪಳಿ ಹಾಕಿ ಕಂಬಕ್ಕೆ ಬೀಗ ಹಾಕಿ.

ಏಣಿ ಅಂದ ಮೇಲೆ ಹಂಚು. ಹಂಚಿನ ಮನೆಗೆ ನಾಲ್ಕು ಹಂಚು ಸರಿಸಿದರೆ ದಾರಿ ಆಯಿತು. ಕೆಳಗೆ ಹಲಗೆಯ ಮುಚ್ಚಿಗೆ ಇದ್ದ ಮನೆಗಳಿಗೆ ಪರವಾಗಿಲ್ಲ. ಮುಚ್ಚಿಗೆ ಇಲ್ಲದ ಕಡೆ, ಮುಖ್ಯವಾಗಿ ಅಡುಗೆಮನೆ, ಬಚ್ಚಲಿನ ಮೇಲೆ, ರೀಪಿನ ಕೆಳಗೆ ದಪ್ಪ ಕಬ್ಬಿಣದ ಜಾಲರಿ ಹೊಡೆಸಿ. ಮಂಗಗಳ ಕಾಟಕ್ಕೂ ಅದೇ ಮದ್ದು. ಮಂಗಗಳಿಂದ ಇನ್ನೊಂದು ತೊಂದರೆ ಇದೆ. ಹಂಚು ಸರಿದಿದ್ದರೆ ನಾವು "ಮಂಗ" ಅಂದು ಸುಮ್ಮನಾಗುತ್ತೇವೆ. ಒಂದು ಸಲ ಹತ್ತಿ ನೋಡಿ. ಮಂಗ ಕುಣಿದರೆ ಹಂಚು ಒಡೆದು ಅಡ್ಡಾದಿಡ್ಡಿ ಬಿದ್ದಿರುತ್ತದೆ. ಹಂಚು ತೆಗೆದು ಪಕ್ಕದಲ್ಲಿ ಒಂದರ ಮೇಲೊಂದು ಜೋಡಿಸಿದ್ದರೆ ಅದು ಮಂಗ ಅಲ್ಲ.

ಅಡಿಕೆಗೆ ಬರೋಣ. ನೀವೆಲ್ಲ ಕಾಯುತ್ತಿರುವುದು ಅದಕ್ಕೇ. ರಾಶಿ ಇಡಿ ಅನ್ನುವ ದರ್ಜೆಯ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿದ್ದನ್ನು ನೋಡಿದ್ದೇವೆ. ಆ ಲೆಕ್ಕದಲ್ಲಿ ಅರವತ್ತೈದು ಕೆಜಿಯ ಒಂದು ಚೀಲಕ್ಕೆ ಮೂವತ್ತೆರಡು ಸಾವಿರದ ಮೇಲಾಯಿತು. ಬೇಯಿಸಿ ಒಣಗಿಸಿದ ಅಡಿಕೆಯನ್ನು ಜಗಲಿಯಲ್ಲಿ ಚೀಲ ಕಟ್ಟಿ ಜೋಡಿಸಿಟ್ಟು, ಒಳಗೆ ಸಾವಿರ ರೂಪಾಯಿಯ ಮಿಕ್ಸಿ ಇಟ್ಟು ಬಾಗಿಲು ಹಾಕಿಕೊಳ್ಳುತ್ತೇವೆ! ಚಿನ್ನಕ್ಕಾದರೆ ಗುರುತಿದೆ, ಅಡಿಕೆಗೆ ಗುರುತಿಲ್ಲ. ಇನ್ನೊಬ್ಬರ ರಾಶಿಗೆ ಬೆರೆತರೆ ನಿಮ್ಮದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಆದರೆ ಅಡಿಕೆ ಕಳ್ಳನಿಗೆ ಒಂದು ಕಷ್ಟ ಇದೆ. ತೂಕ. ಬಂಗಾರದ ಸರ ಜೇಬಿನಲ್ಲಿ ಹೋಗುತ್ತದೆ, ಹತ್ತು ಚೀಲ ಅಡಿಕೆಗೆ ವ್ಯಾನು ಬೇಕು. ವ್ಯಾನು ಅಂಗಳದ ತನಕ ಬರಬೇಕು. ಹಾಗಾದರೆ ವ್ಯಾನನ್ನು ತಡೆಯಿರಿ. ನಮ್ಮ ಹಿರಿಯರು ದಾರಿಗೆ ಉಣಗೋಲು, ಅಂದರೆ ಸರಿಸಿ ತೆಗೆಯುವ ಅಡ್ಡಗಳುಗಳ ಗೇಟು, ಹಾಕುತ್ತಿದ್ದರು, ದನ ಬರಬಾರದು ಅಂತ. ಈಗ ಕಾರು ಬಂತು, ಉಣಗೋಲು ಕಿತ್ತು ಹಾಕಿದೆವು. ಅದೇ ಜಾಗಕ್ಕೆ ಎರಡು ಕಾಂಕ್ರೀಟ್ ಕಂಬ ನೆಟ್ಟು ಕಬ್ಬಿಣದ ಪೈಪು ಅಡ್ಡ ಹಾಕಿ ಬೀಗ ಹಾಕಿ. ಮನೆಯಿಂದ ನೂರು ಮಾರು ದೂರದಲ್ಲೇ ಹಾಕಿ, ಹತ್ತಿರ ಬೇಡ. ಚೀಲ ಹೊತ್ತು ಅಷ್ಟು ದೂರ ನಡೆಯುವುದು ಯಾವ ಕಳ್ಳನಿಗೂ ಇಷ್ಟ ಇಲ್ಲ. ಇನ್ನೂ ಸುಲಭದ ದಾರಿ, ಒಣಗಿದ ಅಡಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳದೇ ಇರುವುದು. ರೇಟು ಏರಲಿ ಅಂತ ಕಾಯುವವರು ಮ್ಯಾಮ್ಕೋಸ್ ಥರದ ಸಹಕಾರ ಸಂಘದ ಗೋದಾಮಿಗೆ ಹಾಕಿ ಅಲ್ಲೇ ಕಾಯಬಹುದು. ಅದರ ಮೇಲೆ ಮುಂಗಡ ಹಣವೂ ಸಿಗುತ್ತದೆ.

ಮನೆ ಖಾಲಿ ಇರುವ ಸುದ್ದಿ ಕಳ್ಳನಿಗೆ ಯಾರು ಕೊಡುತ್ತಾರೆ? ನಾವೇ. ಮದುವೆ ಕಾಗದದಲ್ಲಿ ದಿನ, ಮುಹೂರ್ತ, ಛತ್ರದ ಹೆಸರು ಎಲ್ಲ ಅಚ್ಚು ಹಾಕಿಸಿ ಊರಿಗೆಲ್ಲ ಹಂಚುತ್ತೇವೆ. ಆ ಮುಹೂರ್ತದ ಹೊತ್ತಿಗೆ ಮನೆಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ, ಬೀರುವಿನಲ್ಲಿ ಮಾತ್ರ ಎಲ್ಲ ಇರುತ್ತದೆ. ಯಾರಾದರೂ ಒಬ್ಬರು ಮನೆ ಕಾಯಬೇಕು, ಅವರಿಗೆ ಊಟ ಕಟ್ಟಿಸಿ ಕಳಿಸಿ. ಜಾತ್ರೆಯೂ ಹಾಗೇ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಂದು ಸಲ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದ್ದು ಎರಡು ವರ್ಷಕ್ಕೊಂದು ಸಲ, ನಮ್ಮ ಎಳ್ಳಮಾವಾಸ್ಯೆ ವರ್ಷ ವರ್ಷ. ಅದೂ ಅಡಿಕೆ ಮನೆಯಲ್ಲಿರುವ ಕಾಲಕ್ಕೇ. ತೆಪ್ಪೋತ್ಸವ ನೋಡುವುದಕ್ಕೆ ಊರಿಗೆ ಊರೇ ಹೊಳೆ ದಂಡೆಯಲ್ಲಿ ನಿಂತಿರುತ್ತದೆ. ಮಕ್ಕಳು ಕಾಶಿಗೆ ಕರೆದುಕೊಂಡು ಹೋದರೆ ಘಾಟಿನಿಂದಲೇ ಸ್ಟೇಟಸ್ ಹಾಕುತ್ತೀರಿ. ಊರಿಗೆ ಬಂದ ಮೇಲೆ ಹಾಕಿದರೆ ಗಂಗೆ ಏನೂ ಬತ್ತುವುದಿಲ್ಲ.

ಹೊರಡುವ ಮುಂಚೆ ಬೀಟ್ ಪೊಲೀಸರಿಗೆ ಒಂದು ಮಾತು ಹೇಳಿ. ಪೇಪರ್ ಮತ್ತು ಹಾಲು ನಿಲ್ಲಿಸಿ. ಹಗಲೂ ರಾತ್ರಿ ಉರಿಯುವ ಜಗಲಿ ಲೈಟು ಕೂಡ ಮನೆ ಖಾಲಿ ಅಂತ ಹೇಳಿಬಿಡುತ್ತದೆ. ಸಂಜೆ ನೆರೆಯವರು ಬಂದು ಹಾಕಿ, ಬೆಳಿಗ್ಗೆ ಆರಿಸುವುದು ಒಳ್ಳೆಯದು. ಸೆನ್ಸರ್ ಲೈಟ್ ಹಾಕುವವರು ಸೋಲಾರ್‌ದು ಹಾಕಬೇಡಿ. ಆಗುಂಬೆ ಮಳೆಯ ಸೆರಗಿನಲ್ಲಿ ಕೂತಿರುವ ನಮಗೆ ಜೂನ್‌ನಿಂದ ಆಗಸ್ಟ್ ತನಕ ಅದು ಚಾರ್ಜೇ ಆಗುವುದಿಲ್ಲ. ವೈರ್ ಎಳೆದು ಇನ್ವರ್ಟರ್‌ಗೆ ಕೊಡಿ.

ಕ್ಯಾಮೆರಾ ಬೇಕಾ ಬೇಡವಾ ಅಂತ ತುಂಬ ಜನ ಕೇಳುತ್ತಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕ್ಯಾಮೆರಾ ಬಾಗಿಲು ಹಿಡಿದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲ ಅಂದರೆ ಇನ್ವರ್ಟರ್ ಕೂಡ ಮಲಗುತ್ತದೆ. ಒಂದು ಮನೆಯಲ್ಲಿ ಕಳ್ಳರು ರೆಕಾರ್ಡ್ ಆಗುವ ಡಬ್ಬವನ್ನೇ ಹೊತ್ತುಕೊಂಡು ಹೋಗಿದ್ದರು. ಅದನ್ನು ಟೀವಿಯ ಕೆಳಗೆ ಇಟ್ಟಿದ್ದರು, ಪಾಪ. ಅಟ್ಟದ ಮೇಲೆ, ಹಳೆ ಪಾತ್ರೆಗಳ ಹಿಂದೆ ಇಡಬೇಕು. ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲಿ ನೋಡುತ್ತಾನೆ ಅನ್ನುತ್ತೀರಿ. ದನ ಬಂದರೂ ಅದು ಕೂಗುತ್ತದೆ, ಬಾಳೆ ಎಲೆ ಅಲ್ಲಾಡಿದರೂ ಕೂಗುತ್ತದೆ. ವಾರದೊಳಗೆ ಮಗ ಸೌಂಡ್ ಆಫ್ ಮಾಡಿರುತ್ತಾನೆ. ನಾಯಿ ವಾಸಿ. ಮುಂದೆ ಕಟ್ಟಬೇಡಿ, ಹಿತ್ತಿಲ ಕಡೆ ಕಟ್ಟಿ. ಚಿರತೆ ಕಾಟ ಇರುವ ಊರಿನಲ್ಲಿ ಗೂಡು ಭದ್ರ ಮಾಡಿ, ಇಲ್ಲದಿದ್ದರೆ ಕಳ್ಳನಿಗಿಂತ ಮೊದಲು ಅದೇ ಬರುತ್ತದೆ.

ಚಿನ್ನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಕ್ಕಿ ಡಬ್ಬ, ದೇವರ ಮನೆ, ಹಾಸಿಗೆ ಕೆಳಗೆ, ಇವು ಗುಟ್ಟಿನ ಜಾಗ ಅಂತ ಮನೆಯವರು ಮಾತ್ರ ನಂಬಿರುತ್ತಾರೆ. ಅಕ್ಕಿ ಡಬ್ಬ ನೆಲಕ್ಕೆ ಸುರಿದ ಮನೆಗಳನ್ನು ನಾನು ನೋಡಿದ್ದೇನೆ. ಬೀರುವಿನ ಕೀಲಿ ಬೀರುವಿನ ಮೇಲೆಯೇ ಇರುತ್ತದೆ, ಇಲ್ಲದಿದ್ದರೆ ಪಕ್ಕದ ಮೊಳೆಯಲ್ಲಿ. ಬಳಸದ ಒಡವೆ ಬ್ಯಾಂಕ್ ಲಾಕರ್‌ನಲ್ಲಿಡಿ. ಅಲ್ಲೂ ಒಂದು ನಿಯಮ ಗೊತ್ತಿರಲಿ. ರಿಸರ್ವ್ ಬ್ಯಾಂಕ್ 2022ರ ಜನವರಿಯಿಂದ ತಂದ ನಿಯಮದ ಪ್ರಕಾರ, ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸ ಇಂಥದ್ದರಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನ ತನಕ. ಬಾಡಿಗೆ ಎರಡು ಸಾವಿರ ಆದರೆ ಎರಡು ಲಕ್ಷ. ಅದಕ್ಕಿಂತ ಜಾಸ್ತಿ ಬೆಲೆಯದ್ದು ಇಟ್ಟವರು ವಿಮೆ ವಿಚಾರಿಸಿ. ಪ್ರತಿ ಒಡವೆಯದ್ದೂ ಫೋಟೋ ತೆಗೆದು, ರಸೀದಿ ಜೋಪಾನ ಮಾಡಿ. ಹೊಸ ಒಡವೆಯ ಮೇಲೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ, ಅಂಕಿಯ ಗುರುತು ಇರುತ್ತದೆ, ಅದನ್ನೂ ಬರೆದಿಡಿ. ಕಳ್ಳ ಸಿಕ್ಕಿ ಮಾಲು ಬಂದರೂ ಕೋರ್ಟಿನಿಂದ ಬಿಡಿಸಿಕೊಳ್ಳುವಾಗ ಇದು ನನ್ನದು ಅಂತ ತೋರಿಸಬೇಕು.

ಕಳ್ಳತನ ಆಗಿಹೋಗಿದ್ದರೆ? ಬಾಗಿಲು ತೆಗೆದಿರುವುದು ಕಂಡರೆ ಒಳಗೆ ನುಗ್ಗಬೇಡಿ, ಅವನು ಇನ್ನೂ ಒಳಗೇ ಇರಬಹುದು. ಹೊರಗೆ ನಿಂತು 112ಕ್ಕೆ ಫೋನ್ ಮಾಡಿ. ಪೊಲೀಸರು ಬರುವ ತನಕ ಏನನ್ನೂ ಮುಟ್ಟಬೇಡಿ. ನಮ್ಮ ಹೆಂಗಸರಿಗೆ ಬೀರು ಚೆಲ್ಲಾಪಿಲ್ಲಿ ಆಗಿದ್ದರೆ ನೋಡುವುದಕ್ಕಾಗುವುದಿಲ್ಲ. ಪೊಲೀಸರು ಬರುವಷ್ಟರಲ್ಲಿ ಸೀರೆ ಎಲ್ಲ ಮಡಿಸಿಟ್ಟು, ನೆಲ ಗುಡಿಸಿ, ಬಂದವರಿಗೆ ಕಾಫಿ ಮಾಡಿರುತ್ತಾರೆ. ಬೆರಳಚ್ಚು ಕಸದ ಜೊತೆ ಹೋಯಿತು. ಊರಿನವರೆಲ್ಲ ಅಂಗಳದಲ್ಲಿ ಓಡಾಡಿದರೆ ಪೊಲೀಸ್ ನಾಯಿಗೂ ವಾಸನೆ ಸಿಗುವುದಿಲ್ಲ. ನಾನು ಬಾಗಿಲು ರಿಪೇರಿಗೆ ಬಂದರೆ ಮೊದಲು ಕೇಳುವುದು, ಪೊಲೀಸರು ಬಂದು ಹೋದರಾ ಅಂತ. ಹೋಗಿಲ್ಲ ಅಂದರೆ ಉಳಿ ಹೊರಗೆ ತೆಗೆಯುವುದಿಲ್ಲ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ವಿಮೆಗೆ ಅದು ಬೇಕೇ ಬೇಕು.

ಬೇಲಿಗೆ ಕರೆಂಟ್ ಕೊಟ್ಟರೆ ಹೇಗೆ ಅಂತ ಹಿಂದಿನಿಂದ ಯಾರೋ ಕೇಳಿದರು. ಬೇಡವೇ ಬೇಡ. ಲೈನಿನ ಕರೆಂಟ್ ಬೇಲಿಗೆ ಬಿಡುವುದು ಅಪರಾಧ. ಹಂದಿಗೆ ಅಂತ ಬಿಟ್ಟ ತಂತಿಗೆ ಮನುಷ್ಯರು, ಆನೆಗಳು ಸತ್ತದ್ದು ನಿಮಗೇ ಗೊತ್ತಿದೆ. ಕಳ್ಳ ಸತ್ತರೂ ಜೈಲಿಗೆ ಹೋಗುವುದು ನೀವು. ಬೆಳಿಗ್ಗೆ ತೋಟಕ್ಕೆ ಬರುವ ಕೆಲಸದವರಿಗೆ ಕತ್ತಲಲ್ಲಿ ತಂತಿ ಕಾಣುವುದಿಲ್ಲ. ನಮ್ಮ ಪ್ರಾಣ, ಆಸ್ತಿ ಕಾಪಾಡಿಕೊಳ್ಳುವ ಹಕ್ಕು ಹಳೆ ಕಾನೂನಿನಲ್ಲೂ ಇತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ತೆಗೆದ ಕೋವಿಯನ್ನೂ ಇದಕ್ಕೆ ನಂಬಬೇಡಿ. ಮನೆ ಖಾಲಿ ಇದ್ದಾಗ ಕೋವಿಯೇ ಕಳುವಾದರೆ ಅದರ ಉತ್ತರ ನೀವು ಕೊಡಬೇಕು. ತೋಟಾ ಬೇರೆ ಕಡೆ, ಕೋವಿ ಬೇರೆ ಕಡೆ, ಎರಡಕ್ಕೂ ಬೀಗ.

ಇನ್ನೊಂದು ಪ್ರಶ್ನೆ ಬಂತು, ಹೊರಡುವಾಗ ಬೀಗದ ಕೈ ಎಲ್ಲಿಡುವುದು ಅಂತ. ಹೂಕುಂಡದ ಕೆಳಗೆ, ಮೀಟರ್ ಬಾಕ್ಸಿನಲ್ಲಿ, ಮಾಡಿನ ಸಂದಿಯಲ್ಲಿ ಇಡಬೇಡಿ. ಅದು ಅಡಿಕೆ ಕೊನೆ ಇಳಿಸುವವನಿಗೂ ಗೊತ್ತು, ಗ್ಯಾಸ್ ತರುವವನಿಗೂ ಗೊತ್ತು. ಅವರು ಕಳ್ಳರು ಅನ್ನುತ್ತಿಲ್ಲ, ಮಾತು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ ಅಷ್ಟೇ. ನಂಬಿಕೆಯ ಒಂದು ಮನೆಯಲ್ಲಿ ಕೊಡಿ. ಮಾತು ಬಿಟ್ಟವರ ಮನೆ ಹತ್ತಿರ ಇದ್ದು, ನಂಟರ ಮನೆ ದೂರ ಇದ್ದರೆ ಏನು ಮಾಡುವುದು ಅಂತ ಕೇಳುತ್ತಿದ್ದೀರಾ? ಅದಕ್ಕೆ ನನ್ನ ಹತ್ತಿರ ಉಳಿಯೂ ಇಲ್ಲ, ಕೊಡತಿಯೂ ಇಲ್ಲ. ನೀವೇ ಹೋಗಿ ಮಾತಾಡಿಸಬೇಕು. ಈ ವಾರ ಬಚ್ಚಲ ಬಾಗಿಲು ತೋರಿಸಬೇಕು ಅನ್ನುವವರು ಹೊರಗೆ ಚಹಾ ಕುಡಿಯುವಾಗ ಹೆಸರು ಹೇಳಿ, ಜಾತ್ರೆಗೆ ಮುಂಚೆ ಬಂದು ಹೋಗುತ್ತೇನೆ.